ಮನೆ ಹಿಂದಿನ ಬರೆ

ಕಳೆದ ಏಪ್ರಿಲ್‌ನಲ್ಲಿ ನಮ್ಮ ದೊಡ್ಡಪ್ಪನ ಮಗ ಮಡಿಕೇರಿ ಹತ್ತಿರ ಮನೆಗೆ ಜಾಗ ಮಾಡಿಸಿದ. ನಮ್ಮ ಕಡೆ ಜಾಗ ಮಾಡಿಸುವುದು ಅಂದರೆ ಗುಡ್ಡ ಕಡಿಸಿ ಸಪಾಟು ಮಾಡಿಸುವುದು. ಜೆಸಿಬಿಗೆ ಎರಡು ದಿನದ ಕೆಲಸ. ಮೂರನೇ ದಿನ ನೋಡಲು ಹೋದರೆ, ಹಿಂದೆ ಹದಿನೈದು ಅಡಿ ಎತ್ತರದ ಕೆಂಪು ಬರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ, ನೆಟ್ಟಗೆ ನಿಂತಿತ್ತು. ಅದರ ನೆತ್ತಿಯಲ್ಲಿ ಅರ್ಧ ಮಣ್ಣು ಕಳೆದುಕೊಂಡ ಕಾಫಿ ಗಿಡವೊಂದರ ಬೇರು ಗಾಳಿಗೆ ತೂಗಾಡುತ್ತಿತ್ತು. ಅಗೆದ ಮಣ್ಣನ್ನೆಲ್ಲ ಮುಂದಿನ ಇಳಿಜಾರಿಗೆ ತಳ್ಳಿ ಅಂಗಳ ಮಾಡಿದ್ದರು. ಅಣ್ಣ ಫೋನಿನಲ್ಲಿ ಮನೆಯ ಬಣ್ಣದ ಚಿತ್ರ ತೋರಿಸಿದ. ಮಣ್ಣಿನ ಗಾರೆಯ ಗೋಡೆ, ಬಿದಿರಿನ ಜಗಲಿ, ಮೇಲೆ ಸೋಲಾರ್, ಮೂಲೆಯಲ್ಲಿ ಇಂಗುಗುಂಡಿ. "ಪೂರ್ತಿ ಇಕೋ ಫ್ರೆಂಡ್ಲಿ" ಅಂದ.

"ಅಣ್ಣ, ಈ ಬರೆಗೆ ಏನು ಮಾಡ್ತೀಯ?"

"ಮೊದಲು ಮನೆ ಮುಗೀಲಿ. ಆಮೇಲೆ ಗೋಡೆ ಕಟ್ಟಿಸಿದರಾಯ್ತು."

ಕೊಡಗಿನಲ್ಲಿ ಇವತ್ತು ಮನೆ, ಹೋಂಸ್ಟೇ, ರೆಸಾರ್ಟ್ ಕಟ್ಟುವ ಕ್ರಮದ ತೊಂದರೆಯೆಲ್ಲ ಈ 'ಆಮೇಲೆ'ಯಲ್ಲಿದೆ. ಹಸಿರು ಕಟ್ಟಡ ಎಂದ ಕೂಡಲೇ ನಮ್ಮ ತಲೆ ಇಟ್ಟಿಗೆ, ಸಿಮೆಂಟು, ಬಿದಿರು ಅಂತ ಸಾಮಾನಿನ ಕಡೆಗೆ ಓಡುತ್ತದೆ. ಬೆಂಗಳೂರಿನ ಸಪಾಟು ಸೈಟಿನಲ್ಲಿ ಅದು ಸರಿ ಇರಬಹುದು. ಇಲ್ಲಿ ಮೊದಲು ಕೇಳಬೇಕಾದ್ದು ಬೇರೆ: ಎಷ್ಟು ಮಣ್ಣು ಕಡಿದಿರಿ, ನೀರಿಗೆ ಯಾವ ದಾರಿ ಬಿಟ್ಟಿರಿ? ಅದು ತಪ್ಪಿದ ಮೇಲೆ ಗೋಡೆಯನ್ನು ಸಗಣಿಯಲ್ಲೇ ಸಾರಿಸಿದರೂ ಆ ಮನೆ ಹಸಿರಾಗುವುದಿಲ್ಲ.

2018ರ ಆಗಸ್ಟಿನ ಗುಡ್ಡ ಕುಸಿತವನ್ನು ನಮಗೆ ಯಾರೂ ನೆನಪಿಸಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ ಎಂಬ ಹೆಸರುಗಳು ರಾಜ್ಯದ ಬೇರೆ ಕಡೆಯವರಿಗೂ ಗೊತ್ತಾದದ್ದೇ ಆಗ. ಮರುವರ್ಷ ತೋರ, ಕೋರಂಗಾಲ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿ ಅರ್ಚಕರ ಮನೆಯನ್ನೇ ಎಳೆದುಕೊಂಡು ಹೋಯಿತು. 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಎಲ್ಲವನ್ನೂ ಮಳೆಯ ತಲೆಗೆ ಕಟ್ಟಲಿಲ್ಲ. ರಸ್ತೆಗೆ, ಕಟ್ಟಡಕ್ಕೆ, ತೋಟಕ್ಕೆ ಅಂತ ಇಳಿಜಾರು ಕಡಿದದ್ದು, ಕಡಿದ ಕಡೆ ಆಸರೆ ಕೊಡದೇ ಇದ್ದದ್ದು, ನೀರು ಹರಿಯುವ ಜಾಗ ಮುಚ್ಚಿದ್ದು ಕೂಡ ಕಾರಣ ಎಂದಿತು. ಮಳೆ ಹೊಸದಲ್ಲ. ಹೊಸದಾದದ್ದು ಮಳೆ ಬೀಳುವ ನೆಲದ ಆಕಾರ.

ಆ ನೆಲ ಎಂಥದ್ದು ಅಂತ ಬರೆಯಲ್ಲೇ ಕಾಣುತ್ತದೆ. ಮೇಲೆ ಒಂದೆರಡು ಅಡಿ ಕಪ್ಪು ಮಣ್ಣು, ತರಗೆಲೆ, ಬೇರು. ಅದರ ಕೆಳಗೆ ಗಟ್ಟಿ ಕೆಂಪು ಮಣ್ಣು. ಇನ್ನೂ ಕೆಳಗೆ ಬಿಳಿ, ಹಳದಿ, ನಸುಗೆಂಪು ಬೆರೆತ, ಬೆರಳಲ್ಲಿ ಉಜ್ಜಿದರೆ ಪೌಡರಿನಂತೆ ನುಣ್ಣಗಾಗುವ ಮಣ್ಣು. ಕರಾವಳಿಯವರು ಅದನ್ನು ಶೇಡಿ ಮಣ್ಣು ಎನ್ನುತ್ತಾರೆ. ಬೇಸಿಗೆಯಲ್ಲಿ ಅದಕ್ಕೆ ಪಿಕಾಸಿ ಹೊಡೆದರೂ ಅಲ್ಲಾಡದು. ನೀರು ಕುಡಿಯಿತೋ, ಹಿಡಿತ ಬಿಟ್ಟು ಜಾರುತ್ತದೆ. ಏಪ್ರಿಲ್‌ನಲ್ಲಿ ಬರೆ ನೆಟ್ಟಗೆ ನಿಂತದ್ದು ನೋಡಿ "ನಮ್ಮದು ಗಟ್ಟಿ ಮಣ್ಣು" ಎನ್ನುವವರು ಜುಲೈಯಲ್ಲಿ ಅದೇ ಮಣ್ಣನ್ನು ಒಂದು ಸಲ ಮುಟ್ಟಿ ನೋಡಬೇಕು. ಮೇಲಿನ ಎರಡು ಪದರ ನೀರನ್ನು ಒಳಗೆ ಬಿಡುತ್ತವೆ, ಕೆಳಗಿನದು ಅದನ್ನು ಹಿಡಿದುಕೊಂಡು ಭಾರವಾಗುತ್ತದೆ. ಇಳಿಜಾರಿನ ಬುಡವನ್ನು ನಾವು ಕಡಿದಿದ್ದರೆ, ಆ ಭಾರವನ್ನು ಹೊರುತ್ತಿದ್ದ ಕಾಲನ್ನೇ ಕಡಿದ ಹಾಗೆ.

ಈಗ ನೀರಿನ ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಂದರೆ ಒಂದು ಲೀಟರ್ ನೀರು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವುದು ಮಾಮೂಲು. 100 ಚದರ ಮೀಟರ್ ಮಾಡಿನ (ಛಾವಣಿಯ) ಮೇಲೆ ಅಷ್ಟು ಮಳೆ ಬಿದ್ದರೆ ಮೂರು ಲಕ್ಷ ಲೀಟರ್. ವರ್ಷದ ಲೆಕ್ಕ ಹಾಗಿರಲಿ, ಜೋರು ಮಳೆಯ ಒಂದೇ ದಿನ 200 ಮಿ.ಮೀ. ಸುರಿದರೆ ಮಾಡಿನಿಂದ 20,000 ಲೀಟರ್, ಅಂದರೆ ಐದು ಸಾವಿರ ಲೀಟರಿನ ನಾಲ್ಕು ಟ್ಯಾಂಕರ್ ಇಳಿಯುತ್ತದೆ. ಸೂರಿನ ನೀರು ಹಿಡಿಯುವ ದಂಬೆ ಕಟ್ಟದಿದ್ದರೆ ಈ ನಾಲ್ಕು ಟ್ಯಾಂಕರ್ ನೀರಿನಲ್ಲಿ ಅರ್ಧ ಮನೆ ಹಿಂದಿನ ಬರೆಯ ಬುಡಕ್ಕೇ ಬೀಳುತ್ತದೆ. ಬರೆಯ ಮೇಲಿನ ತೋಟದಿಂದ ಇಳಿಯುವ ನೀರು ಬೇರೆ. ಕುಶಾಲನಗರದ ಕಡೆ ಮಳೆ ಮಡಿಕೇರಿಯದರ ಮೂರರಲ್ಲಿ ಒಂದು ಪಾಲಿನ ಆಸುಪಾಸು. ಮಡಿಕೇರಿಯಿಂದ ಅಲ್ಲಿಗೆ ಬರೀ ಮೂವತ್ತು ಕಿಲೋಮೀಟರ್. ಕುಶಾಲನಗರದಲ್ಲಿ ಗಟ್ಟಿಯಾಗಿ ನಿಂತ ಮನೆಯ ನಕ್ಷೆಯನ್ನೇ ಮಡಿಕೇರಿ ಪಕ್ಕದ ಗಾಳಿಬೀಡಿನಲ್ಲೂ ಕಟ್ಟಿಸುವ ಕಂಟ್ರಾಕ್ಟರುಗಳಿದ್ದಾರೆ.

ತಡೆಗೋಡೆ ಕಟ್ಟಿದರೆ ಸಾಕಲ್ಲ ಎನ್ನುವವರಿಗೆ ಇನ್ನೊಂದು ಲೆಕ್ಕ. ಮೂರು ಮೀಟರ್ ಎತ್ತರದ ಗೋಡೆ, ಹಿಂದೆ ಸಾಧಾರಣ ಮಣ್ಣು. ಮಣ್ಣು ಒಣಗಿದ್ದಾಗ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 2.7 ಟನ್ ದೂಡುತ್ತದೆ. ಅದೇ ಮಣ್ಣಿನಲ್ಲಿ ನೀರು ಮೇಲಿನವರೆಗೆ ತುಂಬಿ ನಿಂತರೆ ಆ ದೂಡುವಿಕೆ 5.5 ಟನ್ ದಾಟುತ್ತದೆ. ಅದರಲ್ಲಿ 4.5 ಟನ್ ನೀರಿನದ್ದೇ. ಗೋಡೆ ಹೆಸರಿಗೆ ಮಣ್ಣು ತಡೆಯುವುದು, ಮಳೆಗಾಲದಲ್ಲಿ ಅದರ ಜಗಳ ನೀರಿನ ಜೊತೆ. ನೀರನ್ನು ಹೊರಗೆ ಬಿಟ್ಟರೆ ಅರ್ಧ ಜಗಳ ಮುಗಿಯಿತು. ಬಿಡದಿದ್ದರೆ ಕಾಂಕ್ರೀಟ್ ಎಷ್ಟು ದಪ್ಪ ಹಾಕಿದರೂ ಸಾಲದು. ಮಡಿಕೇರಿಯಲ್ಲಿ ಜಿಲ್ಲಾಧಿಕಾರಿ ಕಚೇರಿಯ ಕೆಳಗೆ ಮಂಗಳೂರು ರಸ್ತೆ ಬದಿಯಲ್ಲಿ ಕಟ್ಟಿದ ದೊಡ್ಡ ತಡೆಗೋಡೆ 2022ರ ಮಳೆಗೆ ಉಬ್ಬಿ, ಹೆದ್ದಾರಿಯಲ್ಲಿ ವಾಹನ ನಿಲ್ಲಿಸಬೇಕಾಗಿ ಬಂದದ್ದು ಎಲ್ಲರೂ ನೋಡಿದ್ದೇ. ಕೋಟಿಗಟ್ಟಲೆ ಖರ್ಚಿನ ಗೋಡೆಯ ಕಥೆಯೇ ಹೀಗಾದರೆ ನಮ್ಮ ಹಿತ್ತಲಿನ ಗೋಡೆಯ ಪಾಡೇನು.

ಗೋಡೆಯಲ್ಲಿ ನೀರು ಹೊರಬರಲು ಪೈಪ್ ತುಂಡು ಇಡುತ್ತಾರೆ, ಮೇಸ್ತ್ರಿಗಳ ಬಾಯಲ್ಲಿ ಅದು ವೀಪ್ ಹೋಲ್. ಮೂರು ನಾಲ್ಕು ಇಂಚು ಅಗಲದ ಪೈಪ್, ನಾಲ್ಕೈದು ಅಡಿಗೊಂದು, ಹೊರಕ್ಕೆ ವಾಲಿದಂತೆ, ಒಂದು ಸಾಲಿನ ಪೈಪಿನ ನಡುವೆ ಮೇಲಿನ ಸಾಲಿನ ಪೈಪ್ ಬರುವ ಹಾಗೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ಮಾಡದೇ ಬಿಡುವುದು, ಪೈಪಿನ ಹಿಂದಿನ ಕೆಲಸ. ಗೋಡೆಯ ಬೆನ್ನಿಗೆ ಕಡಿಮೆ ಅಂದರೂ ಒಂದಡಿ ದಪ್ಪ ಜಲ್ಲಿ ತುಂಬಬೇಕು. ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ ಬರಬೇಕು. ಅದಿಲ್ಲದೆ ಕಡಿದ ಮಣ್ಣನ್ನೇ ಗೋಡೆ ಹಿಂದೆ ತುಂಬಿಸಿದರೆ ಒಂದೇ ಮಳೆಗಾಲದಲ್ಲಿ ಪೈಪಿನ ಬಾಯಿ ಮುಚ್ಚುತ್ತದೆ. ನಮ್ಮ ಮನೆಯ ಗೋಡೆ ಕಟ್ಟುವಾಗ ಮೇಸ್ತ್ರಿ ಕೇಳಿದ್ದರು: "ಇಷ್ಟೊಂದು ಪೈಪ್ ಯಾಕೆ ಸಾರ್? ಗೋಡೆ ಜಾಲರಿ ಥರ ಕಾಣ್ತದೆ, ಲಕ್ಷಣ ಇಲ್ಲ." ಆಮೇಲೆ ಸಿಮೆಂಟ್ ಗಾರೆ ಹಾಕುವಾಗ ಎರಡು ಪೈಪಿನ ಬಾಯಿ ಮುಚ್ಚಿಯೂ ಬಿಟ್ಟಿದ್ದರು. ಚೆಂದಕ್ಕೆ. ಆ ಎರಡನ್ನು ನಾನೇ ಕಬ್ಬಿಣದ ಸರಳು ಹಾಕಿ ಬಿಡಿಸಿದ್ದು.

ಮಳೆಗಾಲದಲ್ಲಿ ಆ ಪೈಪುಗಳೇ ವರದಿ ಕೊಡುತ್ತವೆ. ತಿಳಿ ನೀರು ಬಂದರೆ ಕೆಲಸ ಸರಿ ನಡೆದಿದೆ. ಕೆಂಪು ನೀರು ಬಂದರೆ ಒಳಗಿನ ಮಣ್ಣು ತೊಳೆದು ಹೋಗುತ್ತಿದೆ. ಜಡಿ ಮಳೆಯಲ್ಲೂ ಒಂದು ಹನಿ ಬರದಿದ್ದರೆ ಅದಕ್ಕಿಂತ ಹೆದರಿಕೆಯದ್ದು ಇಲ್ಲ.

ಇನ್ನು ಮುಂದಿನ ಅಂಗಳ. ಹಿಂದಿನಿಂದ ಕಡಿದು ಮುಂದಕ್ಕೆ ತುಂಬಿಸುವುದು ಅಗ್ಗ, ಮಣ್ಣು ಸಾಗಿಸುವ ಟಿಪ್ಪರ್ ಖರ್ಚಿಲ್ಲ. ಆದರೆ ಮನೆಯ ಅರ್ಧ ಕಡಿದ ಗಟ್ಟಿ ನೆಲದ ಮೇಲೆ, ಇನ್ನರ್ಧ ನಿನ್ನೆ ಮೊನ್ನೆ ಸುರಿದ ಮಣ್ಣಿನ ಮೇಲೆ ಕೂತರೆ ಗಟ್ಟಿ ಅರ್ಧ ಅಲ್ಲೇ ಇರುತ್ತದೆ, ಸುರಿದ ಅರ್ಧ ಪ್ರತಿ ಮಳೆಗೂ ಒಂದಿಷ್ಟು ಕೆಳಗಿಳಿಯುತ್ತದೆ. ಎರಡು ಮೂರು ವರ್ಷದಲ್ಲಿ ಹಾಲ್‌ನ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಏಳುತ್ತದೆ. ಪುಟ್ಟಿ ಹಾಕಿ ಬಣ್ಣ ಬಳಿಯುತ್ತೇವೆ. ಮುಂದಿನ ವರ್ಷ ಅದು ಅಲ್ಲೇ ಮತ್ತೆ. ಬಣ್ಣದವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ? ಪಾಯವನ್ನು ತುಂಬಿಸಿದ ಮಣ್ಣು ದಾಟಿಸಿ ಕೆಳಗಿನ ಮೂಲ ನೆಲಕ್ಕೆ ಇಳಿಸಬೇಕಿತ್ತು. ಇಲ್ಲವೇ ತುಂಬಿಸಿದ ಜಾಗದ ಮೇಲೆ ಮನೆಯನ್ನೇ ತರಬಾರದಿತ್ತು.

ಇದಕ್ಕೆ ಹಳೆಯ, ಸುಲಭದ ಉಪಾಯವೊಂದಿದೆ. ಇಳಿಜಾರನ್ನು ಮನೆಗೆ ಹೊಂದಿಸುವ ಬದಲು ಮನೆಯನ್ನೇ ಇಳಿಜಾರಿಗೆ ಹೊಂದಿಸುವುದು. ನಾಲ್ಕು ಅಡಿಗೆ ಒಂದಡಿ ಏರುವ ಜಾಗ, ಮನೆಯ ಆಳ 10 ಮೀಟರ್, ಅಗಲ 12 ಮೀಟರ್ ಎಂದುಕೊಳ್ಳಿ. ಪೂರ್ತಿ ಕಡಿದು ಒಂದೇ ಮಟ್ಟ ಮಾಡಿದರೆ ಹಿಂದೆ 2.5 ಮೀಟರ್ ಬರೆ, ತೆಗೆಯುವ ಮಣ್ಣು 150 ಘನ ಮೀಟರ್. ಅದೇ ಮನೆಯನ್ನು ಎರಡು ಮಟ್ಟ ಮಾಡಿ, ಹಾಲ್‌ನಿಂದ ರೂಮಿಗೆ ಏಳೆಂಟು ಮೆಟ್ಟಿಲು ಇಟ್ಟರೆ ಬರೆ ಎರಡು ಕಡೆ 1.25 ಮೀಟರ್, ಮಣ್ಣು 75 ಘನ ಮೀಟರ್. ಅರ್ಧಕ್ಕರ್ಧ ಉಳಿತಾಯ. ನಾಲ್ಕಡಿ ಬರೆಗೆ ಸಾಧಾರಣ ಕಲ್ಲಿನ ಕಟ್ಟೆ ಸಾಕು, ಹದಿನೈದು ಅಡಿಯದ್ದಕ್ಕೆ ಎಂಜಿನಿಯರ್ ಬೇಕು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಮೆಟ್ಟಿಲು ಆಗುವುದಿಲ್ಲ ಎನ್ನುವ ಮಾತು ನಿಜ. ಹಾಗಿದ್ದರೆ ಅವರ ರೂಮು, ಬಚ್ಚಲು, ಅಡುಗೆಮನೆ ಒಂದೇ ಮಟ್ಟದಲ್ಲಿ ಬರಲಿ. ಮನೆ ಪೂರ್ತಿ ಫುಟ್‌ಬಾಲ್ ಮೈದಾನ ಆಗಬೇಕಿಲ್ಲ.

ಅಣ್ಣನ ಚಿತ್ರದಲ್ಲಿದ್ದ ಇಂಗುಗುಂಡಿಗೆ ಬರುತ್ತೇನೆ. ಬಯಲುಸೀಮೆಯಲ್ಲಿ ಮಳೆನೀರು ಇಂಗಿಸುವುದು ಪುಣ್ಯದ ಕೆಲಸ. ಅದೇ ಪಾಠವನ್ನು ಇಲ್ಲಿಗೆ ಹಾಗೇ ತಂದರೆ, ಬರೆಯ ನೆತ್ತಿಯಲ್ಲೋ ತುಂಬಿಸಿದ ಅಂಗಳದ ಅಂಚಿನಲ್ಲೋ ಗುಂಡಿ ತೆಗೆದು ಮಾಡಿನ ನೀರನ್ನು ಅದಕ್ಕೆ ಬಿಟ್ಟರೆ, ಜಾರಲು ಕಾದಿರುವ ಮಣ್ಣಿಗೆ ಕೈಯಾರೆ ಎಣ್ಣೆ ಹಾಕಿದ ಹಾಗೆ. ಬ್ರಹ್ಮಗಿರಿ ಕುಸಿದಾಗಲೂ ಬೆಟ್ಟದ ಮೇಲೆ ತೆಗೆದಿದ್ದ ಇಂಗುಗುಂಡಿಗಳ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಕಡಿದಾದ ಜಾಗದಲ್ಲಿ ಮಳೆನೀರನ್ನು ಟ್ಯಾಂಕಿನಲ್ಲಿ ಹಿಡಿದಿಡಿ, ಮಾರ್ಚ್ ಏಪ್ರಿಲ್‌ಗೆ ಬೇಕಾಗುತ್ತದೆ. ಉಳಿದದ್ದನ್ನು ಸಿಮೆಂಟ್ ಚರಂಡಿಯಲ್ಲಿ ತೋಡಿನವರೆಗೆ, ಅಂದರೆ ಹಳ್ಳದವರೆಗೆ, ಕರೆದುಕೊಂಡು ಹೋಗಿ ಬಿಡಿ. ಶೌಚಾಲಯದ ಗುಂಡಿಗೂ ಇದೇ ಮಾತು. ಬರೆಯಿಂದ, ತಡೆಗೋಡೆಯಿಂದ ಅದು ದೂರ ಇರಬೇಕು.

ಮಾಡಿನ ವಿಷಯದಲ್ಲಿ ನಾವು ಸ್ವಲ್ಪ ತಮಾಷೆಯ ಜನ. ಪೇಟೆ ನೋಡಿ ಆರ್‌ಸಿಸಿ ತಾರಸಿ ಹಾಕಿಸುತ್ತೇವೆ. ಎರಡನೇ ಮಳೆಗಾಲಕ್ಕೆ ಅದು ಒಸರುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಸೀಲಿಂಗ್ ಉದುರಲು ಶುರುವಾಗುತ್ತದೆ. ಆಗ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟ್ ಹೊದಿಸುತ್ತೇವೆ. ಒಂದು ಮನೆಗೆ ಎರಡು ಮಾಡಿನ ಖರ್ಚು. ಮಡಿಕೇರಿಯನ್ನು ರಾಜಾಸೀಟಿನ ಹಾದಿಯಲ್ಲಿ ನಿಂತು ನೋಡಿ, ನೀಲಿ, ಕೆಂಪು, ಹಸಿರು ಶೀಟುಗಳ ಊರು. ಮೊದಲೇ ಇಳಿಜಾರು ಮಾಡು ಕಟ್ಟಿ, ಹೆಂಚು ಹಾಕಿ, ಸೂರನ್ನು ಗೋಡೆಯಿಂದ ಮೂರಡಿ ಹೊರಕ್ಕೆ ಇಳಿಸಿದ್ದರೆ ಸಿಮೆಂಟೂ ಕಬ್ಬಿಣವೂ ಉಳಿಯುತ್ತಿತ್ತು, ಗೋಡೆಗೆ ಎರಚಲೂ ಹೊಡೆಯುತ್ತಿರಲಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ನಮ್ಮ ಮಳೆಗೆ ಹೇಳಿ ಮಾಡಿಸಿದಂಥ ಸಾಮಾನು ಘಟ್ಟದ ಕೆಳಗೇ ತಯಾರಾಗಲು ಶುರುವಾಗಿ ಒಂದೂವರೆ ಶತಮಾನ ದಾಟಿದೆ.

ಇಷ್ಟೆಲ್ಲ ಸರಿಯಾದ ಮೇಲೆ ಸಾಮಾನಿನ ಮಾತು. ಸಿಮೆಂಟು ಮಾಡುವುದೆಂದರೆ ಸುಣ್ಣದಕಲ್ಲನ್ನು 1,450 ಡಿಗ್ರಿಯವರೆಗೆ ಬೇಯಿಸುವುದು. ಬೇಯಿಸಲು ಸುಡುವ ಇಂಧನದ ಹೊಗೆ ಒಂದು, ಕಲ್ಲಿನೊಳಗಿಂದಲೇ ಬಿಡುಗಡೆಯಾಗುವ ಇಂಗಾಲದ ಡೈಆಕ್ಸೈಡ್ ಇನ್ನೊಂದು. ಜಗತ್ತಿನ ಇಂಗಾಲದ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಶೇ 7ರಿಂದ 8. ಹಾಗಂತ ಸಿಮೆಂಟ್ ಬಿಟ್ಟು ಕಟ್ಟಿ ಎಂದು ನಾನು ಹೇಳುವುದಿಲ್ಲ. ಕಲ್ಲಿದ್ದಲು ಸುಟ್ಟು ಉಳಿದ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅದರಲ್ಲಿ ಶೇ 35ರವರೆಗೆ ಹಾರುಬೂದಿ ಇರಬಹುದು. ಅದು ನಿಧಾನಕ್ಕೆ ಗಟ್ಟಿಯಾಗುವುದರಿಂದ ಕ್ಯೂರಿಂಗ್ ಕನಿಷ್ಠ ಹತ್ತು ದಿನ ಬೇಕು. ಮೂರು ದಿನ ನೀರು ಹಾಕಿ ಕೈ ತೊಳೆದುಕೊಳ್ಳುವ ಅಭ್ಯಾಸ ಬಿಡಬೇಕು, ಅಷ್ಟೇ.

ಮಣ್ಣಿನ ಬ್ಲಾಕ್ ಬಗ್ಗೆ ನನಗೆ ಹೆಚ್ಚು ಆಸೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ಕೈಯಲ್ಲೇ ಒತ್ತುವ 'ಮರ್ದಿನಿ' ಯಂತ್ರ ರೂಪಿಸಿತು. ಮಣ್ಣಿಗೆ ಶೇ 5ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಒತ್ತಿ, ನೆರಳಲ್ಲಿ ನೀರು ಚಿಮುಕಿಸಿ ಮೂರು ನಾಲ್ಕು ವಾರ ಹದ ಮಾಡಿದರೆ ಇಟ್ಟಿಗೆ ತಯಾರು. ಗೂಡು ಬೇಡ, ಸೌದೆ ಬೇಡ. ಜಾಗ ಮಾಡುವಾಗ ತೆಗೆದ ಮಣ್ಣನ್ನು ಕೆಳಗಿನವರ ತೋಟಕ್ಕೆ ಉರುಳಿಸುವ ಬದಲು ಗೋಡೆ ಮಾಡಬಹುದು. ಆದರೆ ಎಲ್ಲ ಮಣ್ಣೂ ಆಗುವುದಿಲ್ಲ. ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ತಳದಲ್ಲಿ ಮರಳು, ಮೇಲೆ ಜೇಡಿ ಪದರ ಕಟ್ಟುತ್ತದೆ. ಮರಳು ಮೂರರಲ್ಲಿ ಎರಡು ಪಾಲಿನಷ್ಟಿದ್ದರೆ ಒಳ್ಳೆಯದು. ನಮ್ಮಲ್ಲಿ ಬಹಳ ಕಡೆ ಜೇಡಿಯೇ ಜಾಸ್ತಿ, ಆಗ ಕ್ರಷರ್ ಪುಡಿಯನ್ನೋ ಎಂ-ಸ್ಯಾಂಡನ್ನೋ ಸೇರಿಸಬೇಕು. ಪಾಯ ನೆಲದಿಂದ ಎರಡಡಿ ಎತ್ತರಿಸಿ, ಸೂರು ಅಗಲ ಬಿಟ್ಟರೆ ಇಂಥ ಗೋಡೆಗೆ ನಮ್ಮ ಮಳೆಯ ಭಯವಿಲ್ಲ. ಘಟ್ಟ ಹತ್ತಿ ಬರುವ ಕೆಂಪುಕಲ್ಲೂ ಒಳ್ಳೆಯದೇ. ಆದರೆ ಅದು ನೀರು ಹೀರುವ ಕಲ್ಲು, ಮಳೆ ಹೊಡೆಯುವ ಪಡುವಣ ಗೋಡೆಯಲ್ಲಿ ಬೆತ್ತಲೆ ಬಿಟ್ಟರೆ ಪಾಚಿ ಹಿಡಿಯುತ್ತದೆ. ಫೋಟೊಗೆ ಚೆನ್ನಾಗಿ ಬರುತ್ತದೆ ಅಂತ ಹೋಂಸ್ಟೇಗಳಲ್ಲಿ ಹಾಗೇ ಬಿಡುತ್ತಾರೆ, ವರ್ಷ ವರ್ಷ ಉಜ್ಜಿಸುತ್ತಲೂ ಇರುತ್ತಾರೆ.

ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೊಡವ ಮನೆತನಗಳ ಹಳೆಯ ಮೂಲಮನೆಯಾದ ಐನ್‌ಮನೆ ನೋಡಿ ಕಲಿಯಿರಿ ಎನ್ನುತ್ತಾರೆ. ಕಲಿಯುವುದಿದೆ ನಿಜ. ಗದ್ದೆಯ ಅಂಚಿನಲ್ಲಿ ಸ್ವಲ್ಪ ಎತ್ತರದ ದಿಣ್ಣೆ, ಹಿಂದೆ ಮರ ತುಂಬಿದ ಬಾಣೆ, ಮುಂದೆ ನೀರು ನಿಲ್ಲುವ ಗದ್ದೆ. ಗುಡ್ಡದ ನೆತ್ತಿಯಲ್ಲಿ 'ವ್ಯೂ' ಹುಡುಕಿ ಯಾರೂ ಒಕ್ಕದ (ಮನೆತನದ) ಮನೆ ಕಟ್ಟಲಿಲ್ಲ. ಆದರೆ ಆ ದಪ್ಪ ಗೋಡೆ, ಕೆತ್ತನೆಯ ಕಂಬ, ಜಗಲಿಯಲ್ಲಿ ಕೂರುವ ಐಮರದ ಹಲಗೆ ಎಲ್ಲ ದೊಡ್ಡ ಒಕ್ಕದ ಜನಬಲ, ಭೂಮಿ, ಕಾಡಿನ ಮರದ ಮೇಲೆ ನಿಂತದ್ದು. ಐದು ಸೆಂಟ್ಸ್ ಜಾಗ, ಬ್ಯಾಂಕ್ ಸಾಲ ಇಟ್ಟುಕೊಂಡವನಿಗೆ ಅದನ್ನು ಕಟ್ಟು ಎನ್ನುವುದು ಅನ್ಯಾಯ. ತೋಟದ ಲೈನ್ ಮನೆಯಲ್ಲಿ ಇರುವ ಕೆಲಸದವರಿಗಂತೂ ಜಾಗ ಆರಿಸುವ ಮಾತೇ ಇಲ್ಲ, ಕೊಟ್ಟ ಕಡೆ ಇರಬೇಕು. ಐನ್‌ಮನೆಯಿಂದ ಜಾಗದ ಬುದ್ಧಿ ತಂದುಕೊಂಡರೆ ಸಾಕು. ಅದರ ಎದುರಿನ ಗದ್ದೆಗೇ ಈಗ ಮಣ್ಣು ತುಂಬಿಸಿ ಸೈಟ್ ಮಾಡುತ್ತಿದ್ದೇವೆ. ಗುಡ್ಡದ ನೀರು ನಿಂತು ಹರಿದುಹೋಗಲು ಇದ್ದ ಜಾಗ ಅದೊಂದೇ.

ಕಾನೂನು ಏನು ಮಾಡುತ್ತಿದೆ? 2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಗುಡ್ಡ ಕುಸಿದು ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಮಾರನೇ ದಿನದ ತಾರೀಕಿನಲ್ಲೇ ಕೇಂದ್ರವು ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಮತ್ತೊಮ್ಮೆ ಹೊರಡಿಸಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಆ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿ ಬೇಡವೆಂದು ತೀರ್ಮಾನಿಸಿತು. ಪರ ವಿರೋಧದ ಗಲಾಟೆಯಲ್ಲಿ ಹೆಚ್ಚಿನವರು ಓದದೇ ಬಿಟ್ಟ ಸಾಲೊಂದಿದೆ: ಆ ಕರಡು ತಡೆಯುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳನ್ನು. ಅಣ್ಣನ ಮನೆ ಅದರ ನೂರರಲ್ಲಿ ಒಂದು ಪಾಲೂ ಇಲ್ಲ. ಬೇಲಿಯಾಚೆಯ ಹೋಂಸ್ಟೇಯೂ ಅಷ್ಟೇ. ಅಂದರೆ ಆ ಅಧಿಸೂಚನೆ ಬಂದರೂ, ಬಾರದಿದ್ದರೂ ಇಂಥ ನೂರಾರು ಸಣ್ಣ ಬರೆಗಳನ್ನು ಅದು ಮುಟ್ಟುವುದಿಲ್ಲ. ಮುಟ್ಟಬಹುದಾದದ್ದು ಪಂಚಾಯಿತಿ. ಅಲ್ಲಿಗೆ ಕೊಡುವ ನಕ್ಷೆಯಲ್ಲಿ ರೂಮು, ಬಾಗಿಲು, ಕಿಟಕಿ ಎಲ್ಲ ಇರುತ್ತದೆ, ಮನೆ ಹಿಂದಿನ ಬರೆ ಮಾತ್ರ ಇರುವುದಿಲ್ಲ. ಇಳಿಜಾರನ್ನು ಅಡ್ಡ ಸೀಳಿದಂತೆ ಒಂದು ಚಿತ್ರ, ಎಷ್ಟು ಕಡಿಯುತ್ತೀರಿ, ಎಷ್ಟು ತುಂಬಿಸುತ್ತೀರಿ, ಮಣ್ಣು ಎಲ್ಲಿಗೆ, ನೀರು ಯಾವ ತೋಡಿಗೆ ಎಂಬ ನಾಲ್ಕು ಸಾಲು ಕಡ್ಡಾಯ ಮಾಡಿದರೆ ಯಾರ ಹಕ್ಕಿಗೂ ಧಕ್ಕೆ ಇಲ್ಲ. ಪರಿಸರವಾದಿ, ಬೆಳೆಗಾರ ಇಬ್ಬರೂ ಒಪ್ಪಬಹುದಾದ ಸಣ್ಣ ಕೆಲಸ. ಬಹುಶಃ ಸಣ್ಣದು ಎಂದೇ ಯಾರಿಗೂ ಬೇಡವಾಗಿದೆ.

ಕಾಲದ್ದೂ ಒಂದು ಮಾತು. ಇಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಕೈಯಲ್ಲಿ ದುಡ್ಡು ಬರುವುದು, ಕೆಲಸದವರು ಬಿಡುವಾಗುವುದು ಆಮೇಲೆ. ಹಾಗಾಗಿ ಗುಡ್ಡ ಕಡಿಯುವ ಕೆಲಸ ಮಾರ್ಚ್, ಏಪ್ರಿಲ್‌ಗೆ ಬಂದು ನಿಲ್ಲುತ್ತದೆ. ಎರಡೇ ತಿಂಗಳಲ್ಲಿ ಮುಂಗಾರು. ಹೊಸ ಬರೆ ಗೋಡೆಯಿಲ್ಲದೆ, ಚರಂಡಿಯಿಲ್ಲದೆ, ಒಂದು ಹುಲ್ಲೆಸಳೂ ಇಲ್ಲದೆ ಮೊದಲ ಮಳೆಗೆ ಮೈಯೊಡ್ಡುತ್ತದೆ. ಸಾಧ್ಯವಿದ್ದವರು ನವೆಂಬರಿನಲ್ಲೇ ಮಣ್ಣಿನ ಕೆಲಸ ಮುಗಿಸಿ, ಮನೆಯ ಪಾಯಕ್ಕೂ ಮೊದಲು ತಡೆಗೋಡೆ, ಬರೆಯ ಮೇಲಿನ ಚರಂಡಿ ಮಾಡಿಸಲಿ. ಆಗದಿದ್ದರೆ ಕಡಿಯುವುದನ್ನೇ ಮುಂದಿನ ವರ್ಷಕ್ಕೆ ಹಾಕಲಿ.

ಆಗಲೇ ಕಡಿದಾಗಿದೆ, ಮನೆಯೂ ಕಟ್ಟಿ ಆಗಿದೆ ಎನ್ನುವವರೇ ಹೆಚ್ಚು. ಅವರು ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬರೆಯ ಮೇಲೆ ಹತ್ತಿ ನೋಡಬೇಕು. ಅಂಚಿನಿಂದ ನಾಲ್ಕೈದು ಅಡಿ ಹಿಂದೆ, ಬರೆಗೆ ಸಮನಾಗಿ ಉದ್ದಕ್ಕೆ ಬಿರುಕು ಬಿಟ್ಟಿದೆಯೇ, ನೆಟ್ಟಗಿದ್ದ ಸಿಲ್ವರ್ ಓಕ್ ಮನೆಯ ಕಡೆ ವಾಲಿದೆಯೇ. ಬಿರುಕಿದ್ದರೆ ಜೇಡಿ ಮಣ್ಣು ತುಂಬಿ ಗಟ್ಟಿಸಿ, ನೀರು ಅದರೊಳಗೆ ಇಳಿಯದಂತೆ ಮುಚ್ಚಬೇಕು. ಮೇಲಿನ ಚರಂಡಿಯ ಎಲೆ, ಹೂಳು ತೆಗೆಯಬೇಕು. ಹಿಂದಿನ ದಂಬೆ ಸರಿ ಮಾಡಬೇಕು. ಬರೆ ಕಡೆಯ ರೂಮಿನಲ್ಲಿ ಜೋರು ಮಳೆಯ ರಾತ್ರಿ ಯಾರೂ ಮಲಗಬಾರದು. ಇದ್ದಕ್ಕಿದ್ದಂತೆ ಬಾಗಿಲು ಬಿಗಿಯಾದರೆ, ಇಲ್ಲದ ಕಡೆ ಜಲ ಎದ್ದರೆ, ಸಾಮಾನು ಕಟ್ಟುತ್ತಾ ಕೂರದೆ ಮನೆ ಬಿಡಬೇಕು.

ಅಣ್ಣನ ಗೋಡೆ ಜೂನ್ ಹೊತ್ತಿಗೆ ಪಾಯದಿಂದ ಮೂರಡಿ ಎದ್ದಿತ್ತು. ಉಳಿದ ಬರೆಗೆ ನೀಲಿ ಟಾರ್ಪಾಲು ಹೊದಿಸಿ, ಮೇಲೆ ಮರಳಿನ ಚೀಲ ಇಟ್ಟಿದ್ದ. ಇಂಗುಗುಂಡಿ ಬಿಟ್ಟು ಐದು ಸಾವಿರ ಲೀಟರಿನ ಟ್ಯಾಂಕ್ ತರಿಸಿದ. ಆ ಮಳೆಗಾಲದಲ್ಲಿ ಟಾರ್ಪಾಲು ಎರಡು ಸಲ ಹಾರಿಹೋಯಿತು. ಎರಡು ಸಲವೂ ಮಳೆಯಲ್ಲಿ ನೆನೆಯುತ್ತಾ ಅತ್ತಿಗೆ ಕೆಳಗಿನಿಂದ ಟಾರ್ಚ್ ಹಿಡಿದರು, ನಾವಿಬ್ಬರೂ ಮೇಲೆ ಹತ್ತಿ ಕಟ್ಟಿದೆವು.